ಡಬ್ಬಿಯೊಳಗಿಟ್ಟರೂ ಮೀಟರ್ ಓಡುತ್ತದೆ: ಅದು ‘ಸ್ಕೇಲಾರ್ ತರಂಗ’ವೇ?

ಪ್ರಶ್ನೆ: ಎರಡು ಜರ್ಮೇನಿಯಂ ಡಯೋಡ್, ಒಂದು ಕೆಪಾಸಿಟರ್ ಮತ್ತು ಒಂಟಿ ತಂತಿಯಿಂದ ‘ಸ್ಕೇಲಾರ್ ತರಂಗ’ ಹಿಡಿಯುವ ಡಿಟೆಕ್ಟರ್ ಮಾಡಿದ್ದೇನೆ. ಅಲ್ಯೂಮಿನಿಯಂ ಹಾಳೆ ಸುತ್ತಿದ ಡಬ್ಬಿಯೊಳಗಿಟ್ಟರೂ ಹೊರಗಿನ ಮಲ್ಟಿಮೀಟರ್ ವೋಲ್ಟೇಜ್ ತೋರಿಸುತ್ತದೆ. ಲೋಹವನ್ನೂ ದಾಟಿ ಬರುವ ಈ ತರಂಗ ರೇಡಿಯೊ ತರಂಗವಲ್ಲ ಎನ್ನಲು ಇಷ್ಟು ಸಾಕಲ್ಲವೇ? (ಚಳ್ಳಕೆರೆಯ ಓದುಗರು)

ಉತ್ತರ: ಸಾಲದು. ಸಾಗುವ ದಿಕ್ಕಿನಲ್ಲೇ ಕಂಪಿಸುತ್ತ ಲೋಹವನ್ನೂ ದಾಟುತ್ತದೆಂದು ಕೆಲವರು ಹೇಳಿಕೊಳ್ಳುವ ತರಂಗಕ್ಕೆ ‘ಸ್ಕೇಲಾರ್ ತರಂಗ’ ಎಂಬ ಹೆಸರಿದೆ. ಮೀಟರಿನಲ್ಲಿ ಕಂಡ ವೋಲ್ಟೇಜ್ ನಿಜವಾದದ್ದೇ. ಅದು ಎಲ್ಲಿಂದ ಬಂತೆಂಬುದನ್ನು ನಿಮ್ಮ ಪ್ರಯೋಗ ಇನ್ನೂ ಹೇಳಿಲ್ಲ.

ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ ನಿರ್ವಾತದಲ್ಲಿ ಸಾಗುವ ವಿದ್ಯುತ್ಕಾಂತೀಯ ತರಂಗದ ಕಂಪನವು ಅದು ಸಾಗುವ ದಿಕ್ಕಿಗೆ ಅಡ್ಡಲಾಗಿರುತ್ತದೆ, ಮತ್ತು 1880ರ ದಶಕದ ಕೊನೆಯಲ್ಲಿ ಹರ್ಟ್ಸ್ ನಡೆಸಿದ ಪ್ರಯೋಗಗಳು ಅಂಥ ತರಂಗಗಳಿರುವುದನ್ನು ತೋರಿಸಿಕೊಟ್ಟವು. ಆದರೆ 1899ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಭಾರೀ ಸುರುಳಿಗಳನ್ನು ಕಟ್ಟಿದ ಸಂಶೋಧಕ ಟೆಸ್ಲಾ ಮಾತ್ರ ನೆಲದ ಮೂಲಕವೇ ವಿದ್ಯುತ್ತನ್ನು ದೂರಕ್ಕೆ ಕಳಿಸಬಹುದೆಂದು ನಂಬಿದ್ದರು. ಇಂದಿನ ‘ಸ್ಕೇಲಾರ್’ ವಿಡಿಯೊಗಳೆಲ್ಲ ಅವರ ಹೆಸರನ್ನೇ ಹೇಳಿಕೊಂಡು ಓಡಾಡುತ್ತವೆ. ಸಾಗುವ ದಿಕ್ಕಿನಲ್ಲೇ ಕಂಪಿಸುವ ವಿದ್ಯುತ್ ತರಂಗಗಳು ಪ್ಲಾಸ್ಮಾದಲ್ಲಿ (ವಿದ್ಯುದಾವೇಶದ ಕಣಗಳಾಗಿ ಒಡೆದ ಅನಿಲದಲ್ಲಿ) ಇವೆ, ಲ್ಯಾಂಗ್‌ಮ್ಯೂರ್ ತರಂಗಗಳೆಂದು ಅವುಗಳಿಗೆ ಹೆಸರೂ ಉಂಟು. ನಿಮ್ಮ ಕೋಣೆಯ ಗಾಳಿ ಪ್ಲಾಸ್ಮಾ ಅಲ್ಲ.

ಈಗ ಡಬ್ಬಿಯ ವಿಷಯ. ಡಿಟೆಕ್ಟರ್ ಒಳಗಿದ್ದು ಮೀಟರ್ ಹೊರಗಿದ್ದರೆ, ರಂಧ್ರದಿಂದ ಹೊರಬಂದ ಕೆಂಪು-ಕಪ್ಪು ಪ್ರೋಬ್ ತಂತಿಗಳೇ ಆಂಟೆನಾ ಆಗಿ, ಹೊರಗಿನದ್ದನ್ನು ಹಿಡಿದು ಒಳಗಿನ ಡಯೋಡುಗಳಿಗೆ ಉಣಿಸುತ್ತವೆ. ನನ್ನ ಮೊದಲ ಅನುಮಾನ ಇದೇ. ಮೀಟರನ್ನೂ ಒಳಗಿಟ್ಟು, ಮುಚ್ಚಳದ ಸಂದುಗಳನ್ನು ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಕನಿಷ್ಠ ಮೌಲ್ಯವನ್ನು ಹಿಡಿದಿಡುವ ಗುಂಡಿ ಮೀಟರಿನಲ್ಲಿದ್ದರೆ ಅದನ್ನು ಮೊದಲೇ ಒತ್ತಿಟ್ಟು, ಡಬ್ಬಿ ತೆರೆದ ಮೇಲೆ ನೋಡಿ. ಡಯೋಡಿನ ಬದಲು ಸುರುಳಿ ಮತ್ತು ಆಂಪ್ಲಿಫೈಯರ್ ಬಳಸುವವರಿಗೆ ಇನ್ನೊಂದು ತೊಡಕಿದೆ. ಚಿತ್ರದುರ್ಗ ಆಕಾಶವಾಣಿಯ 102.6 ಮೆಗಾಹರ್ಟ್ಸ್ ತರಂಗ ಅಲ್ಯೂಮಿನಿಯಂನೊಳಗೆ ಒಂದು ಮಿಲಿಮೀಟರಿನ ನೂರನೇ ಭಾಗದಷ್ಟೂ ಇಳಿಯುವ ಮೊದಲೇ ಕ್ಷೀಣಿಸುತ್ತದೆ; ಅದೇ 50 ಹರ್ಟ್ಸ್‌ನ ಕಾಂತಕ್ಷೇತ್ರ ಅಷ್ಟೇ ಕ್ಷೀಣಿಸಲು ಸುಮಾರು 12 ಮಿಲಿಮೀಟರ್ ದಪ್ಪ ಬೇಕು. ಅಡುಗೆಮನೆಯ ಹಾಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಲೋಹವನ್ನು ದಾಟಿತೆಂದು ಬೆರಗಾಗುವ ಸಂಗತಿ ಬಹುಪಾಲು ಮನೆಯ ಕರೆಂಟಿನದೇ ಆಗಿರುತ್ತದೆ.

ಮತ್ತೊಂದು ಮಾತು: 50 ಹರ್ಟ್ಸ್‌ನ ತರಂಗಾಂತರ 6,000 ಕಿಲೋಮೀಟರ್. ಹಾಗಾಗಿ ಹೊಲದ ಟಿ.ಸಿ. (ಟ್ರಾನ್ಸ್‌ಫಾರ್ಮರ್), ಬೋರ್‌ವೆಲ್ ಸ್ಟಾರ್ಟರ್, ಮನೆಯ ವೈರಿಂಗ್ ಇವೆಲ್ಲಕ್ಕೂ ನೀವು ತೀರಾ ಸಮೀಪದಲ್ಲಿದ್ದೀರಿ, ಅಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಆಕರದತ್ತ ನೇರವಾಗಿ ಮುಖ ಮಾಡಿದ ಅಂಶವೂ ಇರುತ್ತದೆ. ಅದು ಹೊಸ ತರಂಗವಲ್ಲ, ಸಮೀಪ ಕ್ಷೇತ್ರದ ಸಹಜ ಗುಣ. ಒಂಟಿ ತಂತಿಯಲ್ಲಿ ಎಲ್‌ಇಡಿ ಉರಿಯುವುದೂ ಹೀಗೆಯೇ, ಏಕೆಂದರೆ ಮಂಡಲದ (ಸರ್ಕ್ಯೂಟಿನ) ಉಳಿದರ್ಧವನ್ನು ನಿಮ್ಮ ಮೈ, ಮೇಜು ಮತ್ತು ನೆಲದ ನಡುವಿನ ಧಾರಕತೆ (ಕೆಪಾಸಿಟನ್ಸ್) ಪೂರ್ತಿಮಾಡುತ್ತದೆ.

ಪರೀಕ್ಷೆ ಹೀಗಿರಲಿ. ಊರಿನ ಕರೆಂಟು ಹೋದಾಗ, ಇನ್ವರ್ಟರನ್ನೂ ಆರಿಸಿ ಮೀಟರ್ ನೋಡಿ. ಕಳಿಸುವ ಉಪಕರಣವೂ ನಿಮ್ಮಲ್ಲಿದ್ದರೆ ಗೆಳೆಯರೊಬ್ಬರು ಪಕ್ಕದ ಕೋಣೆಯಲ್ಲಿ ನಾಣ್ಯ ಚಿಮ್ಮಿ, ನಿಮಗೆ ತಿಳಿಸದೆ ಅದನ್ನು ಹಚ್ಚಲಿ ಅಥವಾ ಆರಿಸಲಿ. ನೀವು ಮೀಟರ್ ನೋಡಿ ಬರೆದ ಪಟ್ಟಿಯನ್ನು ಕೊನೆಗೆ ಅವರ ಪಟ್ಟಿಯೊಂದಿಗೆ ಹೋಲಿಸಿ. ಸ್ಪಾರ್ಕ್ ಹೊಡೆಸಿ ಪ್ರಸಾರ ಮಾಡುವ ಸಾಹಸ ಮಾತ್ರ ಬೇಡ, ಅದು ಸುತ್ತಲಿನ ರೇಡಿಯೊಗಳನ್ನೆಲ್ಲ ಕೆಡಿಸುತ್ತದೆ, ಕಾನೂನಿಗೂ ವಿರುದ್ಧ.

ಅಪರೂಪದ ತರಂಗವನ್ನೇ ಕೇಳಬೇಕೆಂದಿದ್ದರೆ ನಿಜವಾದವು ಇವೆ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಂತಿಯನ್ನು ಒಂದು ಮೀಟರ್ ಅಗಲದ ಮರದ ಚೌಕಟ್ಟಿಗೆ ಹಲವು ಸುತ್ತು ಸುತ್ತಿ, ಸಣ್ಣ ಆಂಪ್ಲಿಫೈಯರ್ ಮೂಲಕ ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಜೋಡಿಸಿ. ಎತ್ತರವೆಂದು ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಬೇಡಿ, ಗಾಳಿಯಂತ್ರಗಳೂ ಅವುಗಳ ಲೈನುಗಳೂ ಅಲ್ಲಿವೆ. ಕಂಬಗಳಿಂದ ದೂರವಿರುವ ಬಯಲು ಹೊಲವೇ ವಾಸಿ. ಸೆಕೆಂಡಿಗೆ 48,000 ಮಾದರಿ ತೆಗೆಯುವ ಸೌಂಡ್ ಕಾರ್ಡ್ ಇದ್ದರೆ ತಮಿಳುನಾಡಿನ ವಿಜಯನಾರಾಯಣಂನಿಂದ ನೌಕಾಪಡೆ ಜಲಾಂತರ್ಗಾಮಿಗಳಿಗೆ ಕಳಿಸುವ 18.2 ಕಿಲೋಹರ್ಟ್ಸ್ ಸಂಕೇತ ಪರದೆಯ ಮೇಲೆ ಗೆರೆಯಾಗಿ ಕಾಣಿಸಬಹುದು. ರಾತ್ರಿ ದೂರದ ಮಿಂಚುಗಳ ಚಟಪಟ ಸದ್ದಿನ ನಡುವೆ ‘ಟ್ವೀಕ್’ ಎಂಬ ಗಿಣಿದನಿಯೂ ಕೇಳಿಬರುತ್ತದೆ. ನೆಲಕ್ಕೂ ಅಯಾನುಗೋಳಕ್ಕೂ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಕ್ಕೂ) ನಡುವೆ ಪುಟಿಯುತ್ತ ಬಂದ ಮಿಂಚಿನ ತರಂಗದಲ್ಲಿ 1.7 ಕಿಲೋಹರ್ಟ್ಸ್ ಆಸುಪಾಸಿನ ಭಾಗ ತುಸು ತಡವಾಗಿ ತಲುಪುವುದರಿಂದ ಆ ದನಿ ಹಾಗೆ ಜಾರುತ್ತದೆ. ಗುಡುಗು ಕೇಳಿಸಿದರೆ ಸಾಕು, ಚೌಕಟ್ಟನ್ನು ಅಲ್ಲೇ ಬಿಟ್ಟು ಮನೆ ಸೇರಿಕೊಳ್ಳಿ.