ಪಹಣಿಯಲ್ಲಿ ಹೆಸರಿಲ್ಲದವರ ಬರ

2024ರ ಮೇ ತಿಂಗಳು. ಮಾನ್ವಿ ಕಡೆಯ ಹೆಣ್ಣುಮಗಳೊಬ್ಬರು ರಾಯಚೂರಿನ ನನ್ನ ವಕೀಲಿ ಆಫೀಸಿಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಗೊಬ್ಬರದ ಅಂಗಡಿಯ ನಾಲ್ಕು ರಸೀದಿ. ಹಿಂದಿನ ಮುಂಗಾರಿನಲ್ಲಿ ಐದು ಎಕರೆ ಎರಿ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಹತ್ತಿ ಹಾಕಿದ್ದರು. ಮಳೆ ಕೈಕೊಟ್ಟಿತು.

"ಬೀಜ ನಂದು, ಗೊಬ್ಬರ ನಂದು, ಸಾಲಾನೂ ನಂದೇರಿ ಸರ. ಪರಿಹಾರ ಮಾತ್ರ ಸಾವುಕಾರ್ರ ಖಾತೆಗೆ ಬಿತ್ತು."

ಬೀಳಲೇಬೇಕು. ಪಹಣಿ ಹೊಲದ ಮಾಲೀಕರಾದ ಸಾವುಕಾರರದು, ಎಫ್‌ಐಡಿ ಅನ್ನುವ ರೈತರ ಗುರುತಿನ ಸಂಖ್ಯೆಯೂ ಅವರದೇ. ಕಂಪ್ಯೂಟರಿಗೆ ರೈತ ಅಂದರೆ ಅವರೇ.

ಲಾವಣಿಯನ್ನು ಬರೆಸಿಕೊಳ್ಳಬಹುದಿತ್ತು ಅಲ್ವಾ ಅಂತ ಕೇಳಬೇಡಿ. ನಮ್ಮ ರಾಜ್ಯದ 1961ರ ಭೂ ಸುಧಾರಣಾ ಕಾಯ್ದೆ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಸಾಗುವಳಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಗೇಣಿದಾರರನ್ನು ಕಾಯಲೆಂದೇ ಮಾಡಿದ ಕಾನೂನು ಅದು. ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು, ಅಷ್ಟೆ. ಫಸಲ್ ಬಿಮಾ ಅನ್ನುವ ಬೆಳೆ ವಿಮೆಯ ನಿಯಮದಲ್ಲಿ ಲಾವಣಿ ರೈತರಿಗೂ ಜಾಗ ಇದೆ. ಆದರೆ ಕರಾರು ಪತ್ರ ತನ್ನಿ ಅನ್ನುತ್ತಾರೆ. ಎಲ್ಲಿಂದ ತರುವುದು?

ರಾಯಚೂರಿಗೆ ಬರ ಹೊಸದಲ್ಲ. ಹೊಸದು ಬಿಸಿಲಿನ ಪಾಲು. ಗಾಳಿ ಬಿಸಿಯಾದಷ್ಟೂ ನೆಲದ ಹಸಿ ಬೇಗ ಆರುತ್ತದೆ. ಎರಡು ಮಳೆಯ ನಡುವೆ ಪೈರು ತಡೆದುಕೊಳ್ಳುವ ದಿನಗಳು ಕಡಿಮೆಯಾಗುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಮಳೆಯಾಶ್ರಿತ ಬೆಳೆಗೆ ಆಗಿನ ನಿಯಮದಂತೆ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ. ಐದು ಎಕರೆಗೆ 17,000 ಅಂದುಕೊಳ್ಳಿ. ಅವರ ಸಾಲದ ಮುಂದೆ ಅದೇನೂ ಅಲ್ಲ. ಆದರೂ ಆ ದುಡ್ಡು ಸಿಗದ ಮನೆ ಗುಳೆ ಹೊರಡುತ್ತದೆ. ಇವರ ಮಗ, ಸೊಸೆ ಆಗಲೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಎರಡನೇ ಕ್ಲಾಸಿನ ಮೊಮ್ಮಗಳೂ ಜೊತೆಗೆ. ಶಿಕ್ಷಣದ ಹಕ್ಕು ಹೀಗೆ ಸದ್ದಿಲ್ಲದೆ ಹೋಗುತ್ತದೆ.

2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಇದೆ ಅಂತ. ತಮಾಷೆ ನೋಡಿ, ಅದು ಹಕ್ಕಿಯ ಕೇಸು. ನಮ್ಮ ಸಿರುಗುಪ್ಪದ ಹೊಲಗಳಲ್ಲೂ ಕಂಡಿರುವ ಎರೆಭೂತದ್ದು. ತೀರ್ಪು ಓದಿ ಖುಷಿಪಟ್ಟಿದ್ದೆ. ಆದರೆ ಈ ಅಮ್ಮನ ನಾಲ್ಕು ರಸೀದಿ ಹಿಡಿದು ಅಲ್ಲಿಯವರೆಗೆ ಹೋಗುವುದು ಹೇಗೆ?

ಒಂದು ದಾರಿಯಂತೂ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಬರ, ನೆರೆಗೆ ಸಿಕ್ಕಿದವರಿಗೆ ವಕೀಲರ ನೆರವು ಉಚಿತ. ಹೆಣ್ಣುಮಕ್ಕಳಿಗಂತೂ ಬರ ಇರಲಿ, ಬಿಡಲಿ, ಉಚಿತವೇ. 15100ಕ್ಕೆ ಫೋನ್ ಮಾಡಿದರೂ ಆದೀತು.

ಕೇಸು ಹಾಕುವ ಮೊದಲು ಸಾವುಕಾರರನ್ನು ಕರೆಸಿ ಮಾತಾಡಿದೆ. ಒಳ್ಳೆಯವರೇ. ಅರ್ಧ ಕೊಡುತ್ತೇನೆ ಅಂದರು. ಹಾಗಾದರೆ ಈ ವರ್ಷದ ಲಾವಣಿಯನ್ನಾದರೂ ಒಂದು ಹಾಳೆಯಲ್ಲಿ ಬರೆದು ಕೊಡಿ ಅಂದೆ.

"ಬರೆದ್ರ ನನಗ ತೊಂದ್ರಿ ಆಗಂಗಿಲ್ಲೇನ್ರಿ ವಕೀಲ್ರೆ?"

ಆಗುತ್ತದೆ. ಸುಮ್ನೆ ಪೆನ್ನು ಮುಚ್ಚಿದೆ.