ಟ್ರಿಪ್-ಹಾಪ್ ತೊರೆದ ‘ಥರ್ಡ್’ ವಿಮರ್ಶಕರಿಗೆ ಹಿಡಿಸಿದ್ದೇಕೆ?

ಪ್ರಶ್ನೆ: ಬ್ರಿಟನ್ನಿನ ಪೋರ್ಟಿಸ್‌ಹೆಡ್ ಸಂಗೀತ ತಂಡದ ಮೊದಲ ಆಲ್ಬಂ ‘ಡಮ್ಮಿ’ಯನ್ನು ಮೆಚ್ಚಿದವರಿಗೆ 2008ರ ‘ಥರ್ಡ್’ ಬೇರೊಂದು ತಂಡದ ಆಲ್ಬಂನಂತೆ ಕೇಳಿಸುತ್ತದೆ. ಆದರೂ ವಿಮರ್ಶಕರು ಅದನ್ನು ಅಷ್ಟೊಂದು ಹೊಗಳಿದ್ದೇಕೆ?

ಉತ್ತರ: 1994ರ ‘ಡಮ್ಮಿ’ ಮರುವರ್ಷ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಸಲ್ಲುವ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಪಡೆದ ಬಳಿಕ, ಅದರ ನಿಧಾನಗತಿಯ ತಾಳ, ಗ್ರಾಮಫೋನ್ ರೆಕಾರ್ಡನ್ನು ಕೈಯಿಂದ ಉಜ್ಜುವ ಸದ್ದು ಮತ್ತು ಹಳೆಯ ಚಲನಚಿತ್ರ ಸಂಗೀತದ ಛಾಯೆಯನ್ನು ಎಷ್ಟೋ ತಂಡಗಳು ಅನುಕರಿಸಿದವು, ಬ್ರಿಸ್ಟಲ್ ನಗರದಲ್ಲಿ ರೂಪುಗೊಂಡು ಟ್ರಿಪ್-ಹಾಪ್ ಎನಿಸಿಕೊಂಡ ಆ ಶೈಲಿ ದಶಕ ಮುಗಿಯುವಷ್ಟರಲ್ಲಿ ಕೆಫೆಗಳ ಹಿನ್ನೆಲೆ ಸಂಗೀತವಾಗಿ ಸವೆದುಹೋಗಿತ್ತು. 1997ರ ಎರಡನೆಯ ಆಲ್ಬಮ್ಮಿನ ನಂತರ ಹನ್ನೊಂದು ವರ್ಷ ಕಳೆದು ಹೊಸ ಸ್ಟುಡಿಯೋ ಆಲ್ಬಂ ತಂದ ತಂಡದ ಜೆಫ್ ಬ್ಯಾರೋ, ಏಡ್ರಿಯನ್ ಅಟ್ಲಿ ಮತ್ತು ಗಾಯಕಿ ಬೆತ್ ಗಿಬನ್ಸ್, ತಮ್ಮ ಗುರುತೇ ಆಗಿದ್ದ ಆ ರೆಕಾರ್ಡು ಉಜ್ಜುವ ಸದ್ದನ್ನು ಕೈಬಿಟ್ಟರು. ವಿಮರ್ಶಕರು ಮೊದಲು ಗುರುತಿಸಿದ್ದು ಈ ಧೈರ್ಯವನ್ನು.

ಆದರೆ ಬದಲಾದ ಮಾತ್ರಕ್ಕೆ ಆಲ್ಬಂ ದೊಡ್ಡದಾಗುವುದಿಲ್ಲ. ‘ಥರ್ಡ್’ನ ನಿಜವಾದ ಸಾಧನೆ, ಉಳಿಸಿಕೊಳ್ಳಬೇಕಾದುದನ್ನು ಉಳಿಸಿಕೊಂಡದ್ದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲ ಹಾಡು ‘ಸೈಲೆನ್ಸ್’ ಪೋರ್ಚುಗೀಸ್ ಭಾಷೆಯ ಮಾತಿನಿಂದ ತೊಡಗಿ, ಸುಮಾರು ಎರಡು ನಿಮಿಷ ಬರೀ ವಾದ್ಯಗಳ ಓಟದಲ್ಲಿ ಸಾಗಿ, ಅನಂತರವಷ್ಟೇ ಗಿಬನ್ಸ್ ಅವರ ಕಂಠಕ್ಕೆ ಎಡೆಕೊಡುತ್ತದೆ. ಕೊನೆಗೆ ಯಾವ ಸೂಚನೆಯೂ ಇಲ್ಲದೆ ಥಟ್ಟನೆ ನಿಂತುಬಿಡುತ್ತದೆ. ‘ಮಷಿನ್ ಗನ್’ನಲ್ಲಿ ತಾಳಯಂತ್ರದ ಒರಟು ಹೊಡೆತಗಳ ನಡುವೆ ಅದೇ ಕಂಠ ಒಂಟಿಯಾಗಿ ನಿಲ್ಲುತ್ತದೆ. ಹಿಂದೆ ಮೆತ್ತನೆಯ ವಾದ್ಯಮೇಳದಲ್ಲಿ ಮರೆಯಾಗುತ್ತಿದ್ದ ಆ ದನಿಯ ಅಳುಕು ಇಲ್ಲಿ ಯಾವ ರಕ್ಷಣೆಯೂ ಇಲ್ಲದೆ ಕೇಳುಗರನ್ನು ತಲುಪುವುದರಿಂದ, ವೇದನೆ ಕಡಿಮೆಯಾಗುವ ಬದಲು ಹೆಚ್ಚು ತೀಕ್ಷ್ಣವಾಗಿದೆ.

ಜನರೂ ಇದನ್ನು ದೂರವಿಡಲಿಲ್ಲ: ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ‘ಥರ್ಡ್’ 2ನೆಯ ಸ್ಥಾನಕ್ಕೇರಿತು. ಹಾಗೆಂದು ಮೊದಲ ಸಲಕ್ಕೇ ಇದು ಎಲ್ಲರಿಗೂ ಒಗ್ಗಬೇಕೆಂದಿಲ್ಲ. ‘ಮಷಿನ್ ಗನ್’ ಕರ್ಕಶವೆನಿಸಿದವರು ‘ದ ರಿಪ್’ನಿಂದ ಆರಂಭಿಸುವುದು ಒಳಿತು. ಅದರಲ್ಲಿ ಗಿಬನ್ಸ್ ಒಂದು ಸ್ವರವನ್ನು ದೀರ್ಘವಾಗಿ ಹಿಡಿದಿರುವಾಗಲೇ ಗಿಟಾರಿನ ಸ್ವರಗುಚ್ಛ ಸಿಂಥಸೈಜರಿಗೆ ದಾಟಿಕೊಳ್ಳುತ್ತದೆ. ಹಳೆಯ ಪೋರ್ಟಿಸ್‌ಹೆಡ್ ಹೊಸದಾಗುವ ಕ್ರಮ ಅಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆ.