ಅಪ್‌ಲೋಡ್ ನಿಧಾನವೇ? ರೂಟರ್ ಬದಲಿಸುವ ಮೊದಲು ಓದಿ

ಮದುವೆ ಸೀಜನ್ ಬಂತೆಂದರೆ ಹುಬ್ಬಳ್ಳಿಯ ಫೋಟೋ ಸ್ಟುಡಿಯೋಗಳಿಂದ ನನಗೆ ಒಂದೇ ದೂರು. "ಸರ್, ಡೌನ್‌ಲೋಡ್ ಭಾರಿ ಬರ್ತೈತ್ರಿ. ಆಲ್ಬಮ್ ಕಳಿಸೂದು ಮಾತ್ರ ಆಗವಲ್ದು." ನಾನು ಹೋಗಿ ನೋಡುವಷ್ಟರಲ್ಲಿ ಹೊಸ ದುಬಾರಿ ರೂಟರ್ ಮೇಜಿನ ಮೇಲೆ ಕೂತಿರುತ್ತದೆ. ದುಡಿದ ದುಡ್ಡು ಸುಮ್ನೆ ಹೋಯಿತಲ್ಲ ಎಂದು ನನಗೇ ಸಂಕಟವಾಗುತ್ತದೆ.

ನಿಮ್ಮ ಅಂಗಡಿಗೆ ಬಂದ ಫೈಬರ್ ನಿಮ್ಮೊಬ್ಬರದಲ್ಲ. ಈಗಿನ ಬಹಳಷ್ಟು ಸಂಪರ್ಕಗಳು ಜಿಪಾನ್ ಪದ್ಧತಿಯವು, ಅಂದರೆ ಒಂದೇ ಫೈಬರನ್ನು ಹಲವರು ಹಂಚಿಕೊಳ್ಳುವಂಥವು. 32 ಅಥವಾ 64 ಮನೆಗಳ ಎಳೆಗಳು ಸ್ಪ್ಲಿಟರ್ ಎಂಬ ಬೆಳಕು ಹಂಚುವ ಬಿಡಿಭಾಗದಲ್ಲಿ ಕೂಡಿ, ಒಂದೇ ಎಳೆಯಾಗಿ ಕಂಪನಿಯ ಓಎಲ್‌ಟಿ ಯಂತ್ರಕ್ಕೆ ಹೋಗುತ್ತವೆ. ಬರುವ ದಾರಿ (ಡೌನ್‌ಲೋಡ್) ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹೋಗುವ ದಾರಿ (ಅಪ್‌ಲೋಡ್) ಅದರ ಅರ್ಧ.

ಬರುವಾಗ ಮಾತಾಡುವುದು ಓಎಲ್‌ಟಿ ಒಂದೇ, ಗೊಂದಲವಿಲ್ಲ. ಹೋಗುವಾಗ ಇಬ್ಬರ ಬೆಳಕು ಒಟ್ಟಿಗೆ ತಲುಪಿದರೆ ಎರಡೂ ಕೆಡುತ್ತವೆ. ಹಲವು ಕಂಪ್ಯೂಟರುಗಳು ಹಂಚಿಕೊಳ್ಳುತ್ತಿದ್ದ ಹಳೆಯ ಈಥರ್ನೆಟ್ ಕೇಬಲ್‌ನಲ್ಲಿ ಡಿಕ್ಕಿಯಾದದ್ದು ಕಂಪ್ಯೂಟರುಗಳಿಗೆ ತಿಳಿಯುತ್ತಿತ್ತು. ತಡೆದು ಮತ್ತೆ ಕಳಿಸುತ್ತಿದ್ದವು. ಇಲ್ಲಿ ಪಕ್ಕದ ಮನೆಯ ಬೆಳಕು ನಿಮ್ಮ ಪೆಟ್ಟಿಗೆಗೆ (ರೂಟರಿಗೂ ಮೊದಲು ಫೈಬರ್ ಬಂದು ಸೇರುವ ಯಂತ್ರಕ್ಕೆ) ಕಾಣುವುದೇ ಇಲ್ಲ. ಹಾಗಾಗಿ ಯಾರ ಪಾಳಿ ಯಾವಾಗ, ಎಷ್ಟು ಹೊತ್ತು ಎನ್ನುವುದನ್ನು ಓಎಲ್‌ಟಿ 125 ಮೈಕ್ರೋಸೆಕೆಂಡಿಗೊಮ್ಮೆ ಹೇಳುತ್ತದೆ. ನಿಮ್ಮ ಪೆಟ್ಟಿಗೆ ತನ್ನಲ್ಲಿ ಎಷ್ಟು ಡೇಟಾ ಕಾದಿದೆ ಎಂದು ತಿಳಿಸುತ್ತದೆ. ಅದನ್ನೂ ನಿಮ್ಮ ಪ್ಲಾನನ್ನೂ ನೋಡಿ ಪಾಳಿ ಸಿಗುತ್ತದೆ. ಇದರಲ್ಲಿ ರೂಟರ್‌ಗೆ ಮಾತೇ ಇಲ್ಲ. ಎಷ್ಟೇ ಬೆಲೆಯದಿರಲಿ, ಅದು ಪಾಳಿ ತಪ್ಪಿಸಿ ಮುಂದೆ ನುಗ್ಗಲಾರದು.

"ನಾವು ದೂರ ಅದೀವಿ, ಅದಕ್ಕ ತಡ ಆಗ್ತದೇನ್ರಿ?" ಎಂದು ಧಾರವಾಡದ ಹಿರಿಯರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಹುಬ್ಬಳ್ಳಿ-ಧಾರವಾಡದಷ್ಟು, ಅಂದರೆ 20 ಕಿಲೋಮೀಟರ್ ದೂರಕ್ಕೆ 100. ಓಎಲ್‌ಟಿ ಪ್ರತಿ ಪೆಟ್ಟಿಗೆಯ ದೂರವನ್ನು ಮೊದಲೇ ಅಳೆದು, ಹತ್ತಿರದವರನ್ನು ಅಷ್ಟು ಕಾಯಿಸುತ್ತದೆ. ಎಲ್ಲರೂ ಒಂದೇ ದೂರದಲ್ಲಿ ಇದ್ದ ಹಾಗೆ ಲೆಕ್ಕ. ದೂರಕ್ಕೆ ದಂಡವಿಲ್ಲ.

ಸ್ಥಳ ನೋಡದೆ ಖಚಿತವಾಗಿ ಹೇಳಲಾರೆ. ವೈಫೈ ಬಿಟ್ಟು, ಲ್ಯಾಪ್‌ಟಾಪಿಗೆ ವೈರ್ ಹಾಕಿ, ಬೆಳಗಿನ ಜಾವ ಒಮ್ಮೆ, ರಾತ್ರಿ ಎಂಟಕ್ಕೊಮ್ಮೆ ಅಪ್‌ಲೋಡ್ ಅಳೆಯಿರಿ. ರಾತ್ರಿ ಮಾತ್ರ ಕುಸಿದರೆ ಬಹುಶಃ ಪಾಳಿಯ ಒತ್ತಡ. ಎರಡೂ ಹೊತ್ತು ಅಷ್ಟೇ ಇದ್ದರೆ ಪ್ಲಾನಿನ ಮಿತಿ ಇರಬಹುದು. ವೈರಿನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಕೆಟ್ಟಿದ್ದರೆ ಮಾತ್ರ ರೂಟರ್ ಕಡೆ ನೋಡಿ.

ಪಾಳಿಯದೇ ತೊಂದರೆ ಎನಿಸಿದರೆ ಕಂಪನಿಯವರಿಗೆ ಎರಡು ಮಾತು ಕೇಳಿ: ನಮ್ಮ ಸ್ಪ್ಲಿಟರ್ ಮೇಲೆ ಎಷ್ಟು ಮನೆ? ಅಪ್‌ಲೋಡ್ ಕನಿಷ್ಠ ಇಷ್ಟು ಎಂಬ ಖಾತರಿಯ ಪ್ಲಾನ್ ಇದೆಯಾ? ಜಿಪಾನ್‌ನಲ್ಲಿ ಅಂಥ ಖಾತರಿ ಕೊಡುವ ಏರ್ಪಾಡು ಇದೆ, ಕೇಳಿ ನೋಡಿ.

ಫೈಬರ್‌ನ ಬೆಳಕನ್ನು ತಾಮ್ರದ ವೈರಿಗೆ ಬದಲಿಸುವ ಹಳೆಯ ಮೀಡಿಯಾ ಕನ್ವರ್ಟರ್ ಇದ್ದರೆ ಅದನ್ನು ಈ ಫೈಬರ್‌ಗೆ ದಯವಿಟ್ಟು ನೀವೇ ಚುಚ್ಚಬೇಡಿ. ಅದು ಪಾಳಿ ಕೇಳದೆ ಸದಾ ಬೆಳಕು ಬಿಡುತ್ತದೆ, ಇಡೀ ಓಣಿಯ ಇಂಟರ್ನೆಟ್ ನಿಲ್ಲಬಹುದು.